ದಿನಾ ನಾಲ್ಕು ನಿಮಿಷ

ಜುಲೈ 7, ಶುಕ್ರವಾರ. ಸಂಜೆ 7:20

ಬಸ್ ಡಿಪೋದಲ್ಲಿ ಖಾಲಿ ಬಿದ್ದಿದ್ದ ಹಳೆಯ ಲಾಗ್ ಪುಸ್ತಕವೊಂದನ್ನು ಕೇಳಿ ತಂದಿದ್ದೇನೆ. ಹೆಂಡತಿ ಹೊರಡುವಾಗ ಹೇಳಿದ್ದಳು, “ಸಿಟ್ಟು ಬಂದ್ರೆ ಮಕ್ಕಳ ಮೇಲೆ ಹಾಕ್ಬೇಡಿ, ಎಲ್ಲಾದ್ರೂ ಬರೆದು ಹಾಕಿ” ಎಂದು. ಅವಳು ನರ್ಸು. ಹೊಸ ವಾರ್ಡಿನ ಕೆಲಸ ಕಲಿಯಲು ಹತ್ತು ವಾರ ಬೇರೆ ಊರಿಗೆ ಹೋಗಿದ್ದಾಳೆ. ಹೋಗಿ ಹತ್ತೊಂಬತ್ತು ದಿನವಾಯಿತು. ಇಲ್ಲಿಯತನಕ ಬರೆಯುವ ಅಗತ್ಯ ಬಿದ್ದಿರಲಿಲ್ಲ, ಇವತ್ತು ಬಿತ್ತು.

ದೊಡ್ಡವಳ ಶಾಲೆಯಿಂದ ಕಾಗದ. ಜೂನ್ ತಿಂಗಳಿಂದ ಹನ್ನೆರಡು ಸಲ ತಡವಾಗಿ ಬಂದಿದ್ದಾಳಂತೆ. ತಾರೀಖು, ಗಂಟೆ, ನಿಮಿಷದ ಸಮೇತ ಪಟ್ಟಿ ಮಾಡಿ ಕಳಿಸಿದ್ದಾರೆ. ಅದನ್ನೆಲ್ಲ ಓದುವ ತಾಳ್ಮೆ ನನಗಿರಲಿಲ್ಲ, ಹನ್ನೆರಡು ಎಂಬ ಅಂಕಿಯೇ ಸಾಕಾಯಿತು. ಕೊನೆಗೆ ಪಿ.ಟಿ. ಟೀಚರ್ ತಮ್ಮ ಕೈಯಲ್ಲೇ ಬರೆದಿದ್ದಾರೆ: “ಇನ್ನು ಎರಡು ಸಲ ಸಹಿಸುತ್ತೇವೆ. ಮೂರನೆಯ ಸಲ ತಡವಾದ ದಿನ ರಿಲೇ ತಂಡದಿಂದ ಹೆಸರು ತೆಗೆಯುತ್ತೇವೆ.” ಸ್ಪರ್ಧೆ ಆಗಸ್ಟ್ 19ಕ್ಕೆ.

ಹದಿನಾಲ್ಕು ವರ್ಷದ ಈ ಹುಡುಗಿಗೆ ಓಟವೆಂದರೆ ಅನ್ನ ನೀರು. ಶಾಲೆಯಲ್ಲಿ ಅವಳನ್ನು ‘ಬಾಣ’ ಎಂದು ಕರೆಯುತ್ತಾರೆ. ಇಡೀ ಶಾಲೆಗೆ ಅವಳದೇ ಕಾಲು ಮುಂದು, ಶಾಲೆಗೆ ಬರುವುದರಲ್ಲಿ ಮಾತ್ರ ಹಿಂದು. ನಾನೋ, ಇನ್ನೂರ ಹತ್ತು ಬಸ್ಸುಗಳ ವೇಳಾಪಟ್ಟಿ ಬರೆಯುವವನು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿನ ಬಾನಿಯಲ್ಲಿ ಬಿದ್ದಂತಾಯಿತು. ಡಿಪೋದಲ್ಲಿ ಯಾರಿಗಾದರೂ ಗೊತ್ತಾದರೆ ನಾಳೆಯಿಂದ ಒಬ್ಬ ಡ್ರೈವರನೂ ನನ್ನ ಮಾತು ಕೇಳುವುದಿಲ್ಲ.

“ಯಾಕೆ ತಡ?” ಎಂದು ಗದರಿದೆ. ತಲೆ ತಗ್ಗಿಸಿ ನಿಂತಳು. “ಇನ್ಮೇಲೆ ಆಗಲ್ಲ ಅಪ್ಪ” ಎಂದಳು. ಅಷ್ಟೇ.

ಏಳು ವರ್ಷದ ಚಿಕ್ಕವಳನ್ನು ನೋಡಿ ಕಲಿಯಬೇಕು. ಅವಳ ಟೀಚರ್ ಮೊನ್ನೆ ದಾರಿಯಲ್ಲಿ ಸಿಕ್ಕವರು, “ಒಂದು ದಿನವೂ ತಡ ಇಲ್ಲ, ಜಡೆ ನೋಡಿ ಎಷ್ಟು ನೀಟು” ಎಂದು ಹೊಗಳಿದರು. ಪಕ್ಕದ ಮನೆಯ ಟೈಲರಮ್ಮ ಅವಳನ್ನು ಶಾಲೆಗೆ ಬಿಟ್ಟು ಬರುತ್ತಾರೆ. ಹೆಂಡತಿ ಮಾಡಿಟ್ಟು ಹೋದ ಏರ್ಪಾಡು. ಬೆಳಿಗ್ಗೆ ಐದೂವರೆಗೇ ಮನೆ ಬಿಡುವ ನನಗೆ ಅದೊಂದು ದೊಡ್ಡ ನೆಮ್ಮದಿ.

ಬರೆಯಲು ಹಿಡಿದ ಸಮಯ: 16 ನಿಮಿಷ.

ಜುಲೈ 9, ಭಾನುವಾರ. ಸಂಜೆ 6:05

ಇಡೀ ದಿನ ಕೂತು ಪಟ್ಟಿ ತಯಾರಿಸಿದೆ. ಡಿಪೋದ ದೊಡ್ಡ ಹಾಳೆ, ಸ್ಕೇಲು, ಮೂರು ಬಣ್ಣದ ಪೆನ್ನು. ಬೆಳಿಗ್ಗೆ 5:15ಕ್ಕೆ ಏಳುವುದು. 5:15ರಿಂದ 5:22 ಹಲ್ಲು, ಮುಖ. 5:22ರಿಂದ 5:25 ಹಾಸಿಗೆ ಮಡಚುವುದು. ಹೀಗೆ ಇಪ್ಪತ್ತಾರು ಸಾಲು. ಎಂಟಕ್ಕೆ ಮನೆ ಬಿಟ್ಟರೆ ನಡೆದೇ 8:22ಕ್ಕೆ ಶಾಲೆ, ಗಂಟೆ ಹೊಡೆಯುವುದು ಎಂಟೂವರೆಗೆ. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು. ಒಂದು ನಿಮಿಷವೂ ಪೋಲಾಗದಂತೆ ಬರೆದಿದ್ದೇನೆ ಎಂದು ನನಗೇ ಹೆಮ್ಮೆಯಾಯಿತು.

ಅಡುಗೆಮನೆಯ ಗೋಡೆಗೆ ಅಂಟಿಸಿದೆ. ದೊಡ್ಡವಳು ಓದಿದಳು. ಒಂದು ಕಡೆ ಬೆರಳಿಟ್ಟು ಏನೋ ಹೇಳಲು ಬಾಯಿ ತೆರೆದಳು.

“ಅಪ್ಪ, ಇದ್ರಲ್ಲಿ…”

“ಮೊದಲು ಒಂದು ವಾರ ಮಾಡಿ ತೋರ್ಸು, ಆಮೇಲೆ ಮಾತು” ಎಂದೆ. ಡ್ರೈವರುಗಳಿಗೂ ನಾನು ಹೇಳುವುದು ಅದನ್ನೇ.

ಚಿಕ್ಕವಳು ತನ್ನ ಹೆಸರು ಎಲ್ಲಿದೆ ಎಂದು ಹುಡುಕಿದಳು. “ನಿಂಗ್ಯಾಕೆ ಪುಟ್ಟಿ, ನೀನು ಸರಿಯಾಗೇ ಹೋಗ್ತೀಯಲ್ಲ” ಎಂದೆ. ಅಕ್ಕನ ಮುಖ ನೋಡಿದಳು. ಅಕ್ಕ ಗೋಡೆ ನೋಡಿದಳು.

ಕಸ ಹಾಕಲು ಹೊರಗೆ ಹೋದಾಗ ಟೈಲರಮ್ಮ ಬಾಗಿಲಲ್ಲಿ ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತಿದ್ದರು. ಮೊಣಕಾಲಿಗೆ ಪಟ್ಟಿ. ವಯಸ್ಸಾಯಿತು, ಪಾಪ. ಕೈ ಮಾಡಿ ಬಂದೆ.

ಬರೆಯಲು ಹಿಡಿದ ಸಮಯ: 11 ನಿಮಿಷ.

ಜುಲೈ 10, ಸೋಮವಾರ. ಸಂಜೆ 7:00

ಮೊದಲ ದಿನವೇ ತಡ. ಶಾಲೆಯ ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದು ಕಳಿಸಿದ್ದಾರೆ. ಮೂರರಲ್ಲಿ ಒಂದು ಹೋಯಿತು.

“ಐದೂಕಾಲಿಗೇ ಎದ್ದೆ ಅಪ್ಪ, ಎಲ್ಲಾ ಪಟ್ಟಿ ಪ್ರಕಾರಾನೇ ಮಾಡ್ದೆ” ಎಂದಳು.

“ಹಾಗಾದ್ರೆ ರಸ್ತೇಲಿ ನಿಂತ್ಕೊಂಡು ಏನು ಮಾಡ್ತಿದ್ದೆ? ಕಾಲಿಗೆ ಮಾತ್ರ ಚುರುಕು, ತಲೆಗಿಲ್ಲ.”

ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನ ಮಾಡುವುದಕ್ಕಾದರೂ ದಾರಿ ಇರುತ್ತಿತ್ತು. ಏಳುವ ಸಮಯವನ್ನು ಐದಕ್ಕೆ ತಿದ್ದಿದ್ದೇನೆ. ಊಟಕ್ಕೆ ಕೂತವಳು ತಟ್ಟೆಯ ಮುಂದೆಯೇ ತೂಕಡಿಸಿದಳು.

6 ನಿಮಿಷ.

ಜುಲೈ 14, ಶುಕ್ರವಾರ. ಸಂಜೆ 7:45

ಪಟ್ಟಿ ಕೆಲಸ ಮಾಡುತ್ತಿದೆ. ಮಂಗಳವಾರದಿಂದ ಇವತ್ತಿನವರೆಗೆ ನಾಲ್ಕು ದಿನ ದೊಡ್ಡವಳು ಎಂಟೂ ಇಪ್ಪತ್ತೆರಡಕ್ಕೇ ಶಾಲೆ ಸೇರಿದ್ದಾಳೆ. ಬೈದು ಹೇಳುವವರು ಬದುಕಲು ಹೇಳುತ್ತಾರೆ ಎನ್ನುವುದು ಸುಳ್ಳಲ್ಲ.

ಚಿಕ್ಕವಳಿಗೆ ಸೋಮವಾರ ಸಂಜೆಯಿಂದ ಜ್ವರ. ಶಾಲೆಗೆ ಹೋಗಿಲ್ಲ. ಹಗಲು ಟೈಲರಮ್ಮನ ಮನೆಯಲ್ಲಿ ಮಲಗಿರುತ್ತಾಳೆ. ಇವತ್ತು ಬಿಟ್ಟಿದೆ, ಸೋಮವಾರದಿಂದ ಹೋಗಬಹುದು.

ಡಿಪೋದಲ್ಲಿ ಬೇರೆ ರಗಳೆ. ಹದಿನಾಲ್ಕನೇ ನಂಬರಿನ ಬಸ್ಸು ಒಂದು ತಿಂಗಳಿಂದ ತಡ. ಅದರ ಹಿರಿಯ ಡ್ರೈವರನನ್ನು ಕರೆಸಿದೆ. ಮೂವತ್ತು ವರ್ಷ ಹಾರ್ನ್ ಹೊಡೆಯದೆ ಓಡಿಸಿದ್ದಕ್ಕೆ ಅವನಿಗೆ ‘ಮೌನಿ’ ಎಂದು ಹೆಸರು ಬಿದ್ದಿದೆ. ಬಾಯಿಗೆ ಮಾತ್ರ ಬ್ರೇಕಿಲ್ಲ.

“ಸಾರ್, ಎಷ್ಟು ಲೇಟು ಅಂತ ನೋಡಿದ್ರಾ?”

“ಆರು ನಿಮಿಷ.”

“ದಿನಾ?”

“ದಿನಾ ಆರು.”

“ಒಂದಿನ ಎರಡು ನಿಮಿಷ, ಇನ್ನೊಂದಿನ ಹದಿನೈದು ನಿಮಿಷ ಲೇಟಾದ್ರೆ ಡ್ರೈವರ್ ತಪ್ಪು ಸಾರ್. ಟೀ ಕುಡಿಯೋಕೆ ನಿಂತಿದ್ದ ಅನ್ನಿ, ಮಲಗಿದ್ದ ಅನ್ನಿ. ದಿನಾ ಒಂದೇ ಲೆಕ್ಕದಲ್ಲಿ ಲೇಟಾದ್ರೆ ಅದು ಡ್ರೈವರ್ ತಪ್ಪಲ್ಲ. ಪಟ್ಟಿ ತಪ್ಪು. ನೀವು ಕಾಗದದ ಮೇಲೆ ಬಸ್ಸು ಓಡಿಸ್ತೀರಿ. ಆ ದಾರೀಲಿ ಹೊಸದಾಗಿ ಏನು ಬಂದಿದೆ ಅಂತ ಒಂದಿನ ನನ್ನ ಪಕ್ಕ ಕೂತು ನೋಡಿ.”

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಆದರೂ ನಾಳೆಯೇ ಹೋಗಿ ಕೂರುತ್ತೇನೆ ಎಂದು ಒಪ್ಪಿದೆ.

ಬರೆಯಲು ಹಿಡಿದ ಸಮಯ: 13 ನಿಮಿಷ.

ಜುಲೈ 15, ಶನಿವಾರ. ಮಧ್ಯಾಹ್ನ 3:30

ಮೌನಿಯ ಬಸ್ಸಿನಲ್ಲಿ ಮೂರು ಟ್ರಿಪ್ ಕೂತೆ. ಮಾರುಕಟ್ಟೆಯ ಹಿಂದೆ ಹೊಸ ಆಸ್ಪತ್ರೆ ತೆರೆದಿದೆ. ಆ ಸ್ಟಾಪಿನಲ್ಲಿ ಹತ್ತುವವರೆಲ್ಲ ಕೋಲು ಹಿಡಿದವರು, ಬ್ಯಾಂಡೇಜು ಕಟ್ಟಿದವರು, ಎಳೆ ಮಗು ಎತ್ತಿಕೊಂಡವರು. ಒಬ್ಬೊಬ್ಬರನ್ನೂ ಕಾದು ಹತ್ತಿಸಿಕೊಳ್ಳುತ್ತಾನೆ. ಅಲ್ಲೇ ಆರು ನಿಮಿಷ. ನನ್ನ ಪಟ್ಟಿಯಲ್ಲಿ ಆ ಆಸ್ಪತ್ರೆಯೇ ಇಲ್ಲ. ಮೇಲಾಗಿ, ಕೊನೆಯ ಸ್ಟಾಪಿನಲ್ಲಿ ಬಸ್ಸು ನಿಲ್ಲುತ್ತಿದ್ದ ಹತ್ತು ನಿಮಿಷವನ್ನು ಏಪ್ರಿಲ್‌ನಲ್ಲಿ ಪೋಲು ಎಂದು ನಾನೇ ಹೊಡೆದು ಹಾಕಿದ್ದೆ. ತಡವಾದದ್ದನ್ನು ನುಂಗಿಕೊಳ್ಳಲು ಬಸ್ಸಿಗೆ ಎಲ್ಲೂ ಜಾಗವಿಲ್ಲ.

ಸೋಮವಾರ ಸರಿಪಡಿಸಬೇಕು. ಮೌನಿಗೆ ತಪ್ಪಾಯಿತು ಎಂದೆ. ಅವನು ಏನೂ ಹೇಳದೆ ಗೇರು ಹಾಕಿದ. ಇವತ್ತು ಮಾತ್ರ ಹೆಸರಿಗೆ ತಕ್ಕಂತೆ ಇದ್ದ.

7 ನಿಮಿಷ.

ಜುಲೈ 17, ಸೋಮವಾರ. ಸಂಜೆ 6:30

ಮತ್ತೆ ತಡ. ಎರಡು ಹೋಯಿತು. ಇನ್ನೊಂದು ಉಳಿದಿದೆ, ಅದೂ ಹೋದರೆ ಓಟವೂ ಹೋಯಿತು.

ಬೈಯಬೇಕೆಂದುಕೊಂಡೇ ಮನೆಗೆ ಬಂದೆ. ದೊಡ್ಡವಳು ಓಟದ ಬೂಟುಗಳನ್ನು ಒರೆಸಿ, ಡಬ್ಬಕ್ಕೆ ಹಾಕಿ, ಕಪಾಟಿನ ಮೇಲಿಡುತ್ತಿದ್ದಳು. ಕೈಗೆ ಸಿಗದಷ್ಟು ಎತ್ತರದಲ್ಲಿ. ಬೈಯುವುದನ್ನು ಬಿಟ್ಟೆ.

ಶಾಲೆಯ ಆ ಕಾಗದವನ್ನು ಹುಡುಕಿ ತೆಗೆದೆ. ಬಂದು ಹತ್ತು ದಿನವಾದ ಮೇಲೆ ಮೊದಲ ಸಲ ಪೂರ್ತಿ ಓದಿದೆ. ಜೂನ್ ಮೊದಲ ವಾರದಲ್ಲಿ ಎರಡು ಸಲ: ಒಂದು ದಿನ ಮೂರು ನಿಮಿಷ, ಇನ್ನೊಂದು ದಿನ ಹನ್ನೊಂದು. ಅದು ಅವಳ ಸೋಮಾರಿತನ, ಒಪ್ಪಿದೆ. ಆಮೇಲೆ ಜೂನ್ 26ರವರೆಗೆ ಏನೂ ಇಲ್ಲ. ಅಲ್ಲಿಂದ ಶಾಲೆ ಇದ್ದ ಒಂದು ದಿನವನ್ನೂ ಬಿಡದೆ ಹತ್ತು ಸಲ. 8:34. 8:34. 8:34. ಒಂದು ದಿನ 8:33. ಮತ್ತೆ 8:34. ಇವತ್ತಿನದೂ ಅದೇ.

ದಿನಾ ನಾಲ್ಕು ನಿಮಿಷ.

ಡ್ರೈವರ್ ತಡ ಎಂದರೆ ಎಂದಿನಿಂದ ತಡ ಎಂದು ಮೊದಲು ನೋಡುವವನು ನಾನು. ಮಗಳ ವಿಷಯದಲ್ಲಿ ನೋಡಲಿಲ್ಲ. ಕಳೆದ ವಾರ ನಾಲ್ಕು ದಿನ ಯಾಕೆ ತಡವಾಗಲಿಲ್ಲ ಎಂದೂ ಯೋಚಿಸಲಿಲ್ಲ. ನನ್ನ ಪಟ್ಟಿಯ ಪ್ರತಾಪ ಎಂದುಕೊಂಡೆ.

ಮ್ಯಾನೇಜರಿಗೆ ಫೋನ್ ಮಾಡಿ ನಾಳೆ ಬೆಳಿಗ್ಗೆ ಬರುವುದಿಲ್ಲ ಎಂದು ಹೇಳಿದ್ದೇನೆ. ನಾಳೆ ಮಗಳ ಪಕ್ಕ ಕೂರಬೇಕು.

ಜುಲೈ 18, ಮಂಗಳವಾರ. ಸಂಜೆ 6:00

ಹೇಗೆ ಆಯಿತೋ ಹಾಗೇ ಬರೆಯುತ್ತೇನೆ.

ಐದಕ್ಕೆ ಎದ್ದಳು. ನಾನು ಮನೆಯಲ್ಲಿರುವುದನ್ನು ಕಂಡು ಗಾಬರಿಯಾದಳು. “ನಾನಿಲ್ಲ ಅಂದ್ಕೋ, ದಿನಾ ಏನು ಮಾಡ್ತೀಯೋ ಅದನ್ನೇ ಮಾಡು” ಎಂದು ಪುಸ್ತಕ, ಪೆನ್ನು ಹಿಡಿದು ಮೂಲೆಯಲ್ಲಿ ಕೂತೆ. ಹೊಸ ರಸ್ತೆಗೆ ಸಮಯ ಗುರುತಿಸಲು ಹೋಗುವಾಗ ಹಾಗೇ ಕೂರುತ್ತೇನೆ.

6:10, ತಂಗಿಯನ್ನು ಎಬ್ಬಿಸುವುದು. 6:10ರಿಂದ 6:25, ಮತ್ತೆ ಎಬ್ಬಿಸುವುದು. 6:40, ತಂಗಿಗೆ ಸ್ನಾನ. 7:00, ತಂಗಿಯ ಡಬ್ಬಿ ಕಟ್ಟುವುದು. 7:10, ತಂಗಿಯ ಒಂದು ಕಾಲುಚೀಲ ಹುಡುಕುವುದು. 7:19, ಸಿಕ್ಕಿತು, ಮಂಚದ ಕೆಳಗೆ. 7:25, ತಂಗಿಗೆ ಎರಡು ಜಡೆ. ಟೀಚರ್ ಹೊಗಳಿದ ಜಡೆ. ತನ್ನ ಕೂದಲನ್ನು ಒಂದೇ ರಬ್ಬರ್ ಬ್ಯಾಂಡಿಗೆ ಸುತ್ತಿಕೊಂಡಳು, ನಲವತ್ತು ಸೆಕೆಂಡು. 7:54ಕ್ಕೆ ಇಬ್ಬರೂ ಮನೆ ಬಿಟ್ಟರು. ಟೈಲರಮ್ಮ ಬಾಗಿಲಲ್ಲೇ ಕೂತು ಕೈ ಬೀಸಿದರು. ಮಕ್ಕಳ ಹಿಂದೆ ಹೋಗುತ್ತಾ ಅವರನ್ನು ಕೇಳಿದೆ. ಜೂನ್ 25ಕ್ಕೆ ಮೆಟ್ಟಿಲಿನಿಂದ ಜಾರಿ ಬಿದ್ದಿದ್ದಾರೆ. “ನಿಮ್ಮ ದೊಡ್ಡವಳು ಹೇಳ್ಲಿಲ್ವಾ? ನಾನೇ ಹೇಳ್ತೀನಿ ಅಂದಿದ್ಲು” ಎಂದರು.

ಚಿಕ್ಕವಳ ಶಾಲೆ ಒಂದು ದಿಕ್ಕು, ದೊಡ್ಡವಳದು ಇನ್ನೊಂದು. 8:02ಕ್ಕೆ ಚಿಕ್ಕವಳ ಗೇಟು ಮುಟ್ಟಿದರು. ಗೇಟು ಎಂಟಕ್ಕೇ ತೆರೆಯುತ್ತದೆ, ಗಂಟೆ 8:20ಕ್ಕೆ. ಚಿಕ್ಕವಳು ಒಳಗೆ ಹೋಗಲಿಲ್ಲ. ಅಕ್ಕನ ತೋರುಬೆರಳನ್ನು ಮುಷ್ಟಿಯಲ್ಲಿ ಹಿಡಿದು ಗೋಡೆಗೆ ಒರಗಿ ನಿಂತುಬಿಟ್ಟಳು. ಅಕ್ಕ ಏನೋ ಹೇಳಿದಳು, ಅವಳು ತಲೆ ಅಲ್ಲಾಡಿಸಿದಳು. ಅಕ್ಕ ಬೆರಳು ಬಿಡಿಸಿಕೊಳ್ಳಲು ನೋಡಿದಳು, ಚಿಕ್ಕವಳು ಇನ್ನೂ ಬಿಗಿಯಾಗಿ ಹಿಡಿದಳು. ಅಕ್ಕ ಅವಳ ತಲೆ ಸವರುತ್ತಾ ನಿಂತಳು. ನಾನು ರಸ್ತೆಯ ಈಚೆ ನಿಂತು ನಿಮಿಷ ಬರೆದುಕೊಳ್ಳುತ್ತಿದ್ದೆ. 8:05. 8:09. 8:12. ಅಲ್ಲಿಂದ ದೊಡ್ಡ ಶಾಲೆಗೆ ನಡೆದರೆ ಹದಿನೆಂಟು ನಿಮಿಷ. ಬೆನ್ನಿಗೆ ಚೀಲ ಹೊತ್ತು ಓಡಿದರೆ ಹದಿನಾಲ್ಕು. ಇಪ್ಪತ್ತಕ್ಕೆ ಹದಿನಾಲ್ಕು ಕೂಡಿಸಲು ನನಗೆ ಪುಸ್ತಕ ಬೇಕಿರಲಿಲ್ಲ. ಆದರೂ ಕೂಡಿಸಿ ಬರೆದೆ. 8:34.

ರಸ್ತೆ ದಾಟಿ ಹೋದೆ. ಚಿಕ್ಕವಳ ಮುಷ್ಟಿಯಿಂದ ಆ ಬೆರಳು ಬಿಡಿಸಿ ನನ್ನ ಬೆರಳು ಇಟ್ಟೆ.

“ನೀನು ಓಡು” ಎಂದೆ ದೊಡ್ಡವಳಿಗೆ. ಆಗ 8:14.

ಓಡಿದಳು. ಬಾಣ ಎಂದು ಯಾಕೆ ಕರೆಯುತ್ತಾರೆಂದು ನಾನು ಕಣ್ಣಾರೆ ಕಂಡದ್ದು ಅದೇ ಮೊದಲು. 8:28ಕ್ಕೆ ಸೇರಿದಳಂತೆ.

ಚಿಕ್ಕವಳನ್ನು ಕೇಳಿದೆ, “ಒಳಗೆ ಯಾಕೆ ಹೋಗಲ್ಲ ಪುಟ್ಟಿ?”

“ಅಮ್ಮ ಹೋದ್ಲು. ಅಕ್ಕನೂ ಬೇಗ ಹೋದ್ರೆ ಬರೋದು ಲೇಟಾಗತ್ತೆ” ಎಂದಳು. ಅವಳ ಲೆಕ್ಕದಲ್ಲಿ ಅದು ಸರಿಯೇ ಇತ್ತು. ಗಂಟೆ ಹೊಡೆಯುವತನಕ ನಾನೂ ಗೋಡೆಗೆ ಒರಗಿ ನಿಂತೆ.

ಸಂಜೆ ದೊಡ್ಡವಳನ್ನು ಎದುರಿಗೆ ಕೂರಿಸಿಕೊಂಡೆ. “ಅಮ್ಮನಿಗೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಟ್ರೇನಿಂಗ್ ಬಿಟ್ಟು ಬಂದ್ಬಿಡ್ತಾಳೆ ಅಪ್ಪ. ನಾಲ್ಕು ವರ್ಷ ಕಾದು ಸಿಕ್ಕಿದ್ದು ಅದು.”

“ನನಗಾದ್ರೂ ಹೇಳಬಾರದಿತ್ತಾ?”

ಅವಳು ಅಡುಗೆಮನೆಯ ಗೋಡೆಯ ಕಡೆ ಕೈ ತೋರಿಸಿದಳು. “ನೀವು ಕೇಳ್ಲಿಲ್ಲ ಅಪ್ಪ. ಅಂಟಿಸಿದ್ರಿ.”

ಎದ್ದು ಹೋಗಿ ಗೋಡೆಯ ಪಟ್ಟಿ ಕಿತ್ತೆ. ಇಪ್ಪತ್ತಾರು ಸಾಲು, ಮೂರು ಬಣ್ಣ. ತಂಗಿ ಎಂಬ ಒಂದು ಪದ ಅದರಲ್ಲಿರಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ. ಆ ಮಾತನ್ನು, ತಲೆಗೆ ಚುರುಕಿಲ್ಲ ಎಂದದ್ದನ್ನು, ವಾಪಸ್ಸು ತಗೊಂಡೆ ಎಂದು ಅವಳಿಗೆ ಹೇಳಿದೆ. ಆಗ ಅತ್ತಳು. ನನಗೂ ಕಣ್ಣು ತುಂಬಿತು. ಚಿಕ್ಕವಳು ಇಬ್ಬರನ್ನೂ ನೋಡಿ, ಯಾರಿಗೆ ಮೊದಲು ನೀರು ಕೊಡುವುದು ಎಂದು ತಿಳಿಯದೆ ತಾನೇ ಕುಡಿದಳು.

ಕಪಾಟಿನ ಮೇಲಿನ ಡಬ್ಬ ಇಳಿಸಿ ಕೊಟ್ಟೆ.

ಬರೆಯಲು ಹಿಡಿದ ಸಮಯ: 50 ನಿಮಿಷ ಇರಬೇಕು.

ಜುಲೈ 20, ಗುರುವಾರ. ಸಂಜೆ

ಮ್ಯಾನೇಜರು ಒಂದೇ ಒಂದು ವಾರ ಬೆಳಿಗ್ಗೆ ತಡವಾಗಿ ಶುರುವಾಗುವ ಪಾಳಿ ಕೊಟ್ಟಿದ್ದಾರೆ. “ಮನೇಲಿ ಹೆಂಗಸ್ರಿಲ್ಲ ಅಂದ್ರೆ ಎಲ್ಲಾ ಗಂಡಸ್ರ ಪಟ್ಟೀನೂ ಇಷ್ಟೇ” ಎಂದು ನಕ್ಕರು. ಬುಧವಾರದತನಕ ಚಿಕ್ಕವಳನ್ನು ನಾನು ಬಿಡುತ್ತೇನೆ. ಆಮೇಲೆ ಏನೆಂದು ಮೂವರೂ ಕೂತು ಯೋಚಿಸಬೇಕು.

ಪಟ್ಟಿಯನ್ನು ನೀನೇ ಬರಿ ಎಂದು ದೊಡ್ಡವಳಿಗೆ ಬಿಟ್ಟೆ. ಆದರೆ ಬರೆಯುವ ಮೊದಲು ರಸ್ತೆ ನೋಡಬೇಕಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿದೆವು: ‘ಅಂದಾಜು’, ‘ನಿಜ’. ಯಾವ ಕೆಲಸಕ್ಕೂ ಮೊದಲು ಎಷ್ಟು ಹೊತ್ತು ಹಿಡಿಯುತ್ತದೆಂದು ಹೇಳಬೇಕು, ಆಮೇಲೆ ಅಳೆಯಬೇಕು. ಡಿಪೋದ ಸ್ಟಾಪ್‌ವಾಚ್ ಚಿಕ್ಕವಳ ಕೈಗೆ ಕೊಟ್ಟೆ. ಅವಳು ಅದನ್ನು ಕೊರಳಿಗೆ ಹಾಕಿಕೊಂಡು ಮನೆಗೆಲ್ಲ ಮ್ಯಾನೇಜರು ಆದಳು.

ದೊಡ್ಡವಳ ಸ್ನಾನ: ಅಂದಾಜು ಐದು ನಿಮಿಷ, ನಿಜ ಹದಿನೇಳು. “ನೀರು ಬಿಸಿ ಆಗೋದು ಲೆಕ್ಕಕ್ಕಿಲ್ಲ” ಎಂದು ವಾದಿಸಿದಳು. ಚಿಕ್ಕವಳು, “ಅಕ್ಕ ಒಳಗೆ ಹಾಡು ಹೇಳ್ತಿದ್ಲು, ಎರಡು ಹಾಡು” ಎಂದು ಸಾಕ್ಷಿ ನುಡಿದಳು. ಗಣಿತದ ಹೋಮ್‌ವರ್ಕು: ಅಂದಾಜು ಎರಡು ಗಂಟೆ, ನಿಜ ಇಪ್ಪತ್ತಾರು ನಿಮಿಷ. ದೊಡ್ಡವಳಿಗೇ ನಂಬಿಕೆ ಬರಲಿಲ್ಲ. ಎರಡು ಗಂಟೆ ಎಂದು ಹೆದರಿ ಅದನ್ನು ದಿನಾ ಮಲಗುವ ಹೊತ್ತಿಗೆ ತಳ್ಳುತ್ತಿದ್ದಳಂತೆ. ಚಿಕ್ಕವಳ ಬೂಟು: ಅಂದಾಜು ನೂರು ಗಂಟೆ, ನಿಜ ಎರಡು ನಿಮಿಷ ಹತ್ತು ಸೆಕೆಂಡು.

“ಈಗ ಅಪ್ಪನ್ದು” ಎಂದಳು ಚಿಕ್ಕವಳು.

“ನನ್ನ ಅಂದಾಜು ತಪ್ಪಲ್ಲ, ನನ್ನ ಕಸುಬೇ ಅದು. ಒಂದ್ಹತ್ತು ನಿಮಿಷ ಡಿಪೋಗೆ ಹೋಗಿ ಬರ್ತೀನಿ” ಎಂದು ಹೊರಟೆ.

ವಾಪಸ್ಸು ಬಂದಾಗ ಇಬ್ಬರೂ ಮೆಟ್ಟಿಲ ಮೇಲೆ ಕೂತಿದ್ದರು. ಐವತ್ತೆರಡು ನಿಮಿಷ. “ಅಮ್ಮ ಯಾವಾಗ್ಲೂ ಹೇಳ್ತಾಳೆ, ನಿಮ್ಮ ಹತ್ತು ನಿಮಿಷ ನಂಬಿ ಅನ್ನಕ್ಕೆ ಇಡಬಾರದು, ಆರಿಹೋಗತ್ತೆ ಅಂತ” ಎಂದಳು ದೊಡ್ಡವಳು. ಅದನ್ನು ನೋಟ್‌ಬುಕ್ಕಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ. ಎಷ್ಟು ದಿನವಾಗಿತ್ತು ಈ ಮನೆಯಲ್ಲಿ ಯಾರಾದರೂ ಇಷ್ಟು ನಕ್ಕು.

ಜುಲೈ 24, ಸೋಮವಾರ

ಗೇಟಿನ ಸಮಸ್ಯೆಗೆ ನನಗೆ ಏನೂ ಹೊಳೆಯಲಿಲ್ಲ. ಹೊಳೆದದ್ದು ದೊಡ್ಡವಳಿಗೆ.

“ಪುಟ್ಟಿ, ಗೇಟಿನಿಂದ ನಿನ್ನ ಬೆಂಚಿಗೆ ಎಷ್ಟು ಸೆಕೆಂಡು?”

“ನೂರು ಗಂಟೆ.”

“ಅಂದಾಜು ಬೇಡ. ನಿಜ ಹೇಳು.”

ಚಿಕ್ಕವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದು ಈಗ ಅವಳಿಗೆ ಸಹಿಸಲಾಗದ ವಿಷಯ. ಇವತ್ತು ಬೆಳಿಗ್ಗೆ ಸ್ಟಾಪ್‌ವಾಚ್ ಹಿಡಿದು ಗೇಟಿನ ಮುಂದೆ ನಿಂತಳು. ನನ್ನ ಬೆರಳು ಅವಳ ಎಡಗೈಯಲ್ಲಿತ್ತು. ವಾಚು ಬಲಗೈಯಲ್ಲಿ. ಒಂದು ಸಲ ನನ್ನನ್ನು ನೋಡಿದಳು, ಒಂದು ಸಲ ಬಾಗಿಲನ್ನು. ಒತ್ತಿದಳು, ಬೆರಳು ಬಿಟ್ಟಳು, ಓಡಿದಳು. ಚೀಲ ಬೆನ್ನ ಮೇಲೆ ಕುಣಿಯುತ್ತಾ ಹೋಯಿತು. ಸಂಜೆ ಬಂದು ಹೇಳಿದಳು: ನಲವತ್ತೊಂದು ಸೆಕೆಂಡು, ಟೀಚರ್ ಅಡ್ಡ ಬಂದದ್ದರಿಂದ.

ಖಾಲಿ ಬೆರಳು ಹಿಡಿದುಕೊಂಡು ನಾನೇ ಸ್ವಲ್ಪ ಹೊತ್ತು ಅಲ್ಲಿ ನಿಂತಿದ್ದೆ.

ಜುಲೈ 27, ಗುರುವಾರ

ನಾನು ಮತ್ತೆ ಮೊದಲ ಬಸ್ಸಿನ ಪಾಳಿಗೆ. ಅವರಿಬ್ಬರೇ ಹೋದರು. 8:02ಕ್ಕೆ ಗೇಟು, ಚಿಕ್ಕವಳು ಮೂವತ್ತೆಂಟು ಸೆಕೆಂಡು. ದೊಡ್ಡವಳು ನಡೆದುಕೊಂಡೇ 8:20ಕ್ಕೆ ಶಾಲೆ ಸೇರಿದಳು.

ಹತ್ತೂವರೆತನಕ ಡಿಪೋದಲ್ಲಿ ಏನು ಬರೆದೆನೋ ಗೊತ್ತಿಲ್ಲ. ಟೈಲರಮ್ಮ ಎರಡೂ ಶಾಲೆಗೆ ಫೋನ್ ಮಾಡಿ ವಿಚಾರಿಸಿ, ಇಬ್ಬರೂ ಸರಿಯಾಗಿ ಹೋದರೆಂದು ನನಗೆ ತಿಳಿಸಿದ ಮೇಲೆ ಕಾಫಿ ಕುಡಿದೆ.

ಜುಲೈ 31, ಸೋಮವಾರ

ದೊಡ್ಡವಳ ಪಟ್ಟಿ ತಯಾರಾಗಿದೆ. ಬರೀ ಏಳು ಸಾಲು. ಚೀಲ, ಡಬ್ಬಿ, ಕಾಲುಚೀಲ ಹಿಂದಿನ ಸಂಜೆಯೇ ಬಾಗಿಲ ಬಳಿ. ಗಣಿತ ಮನೆಗೆ ಬಂದ ಕೂಡಲೇ, ಓಟದ ಅಭ್ಯಾಸಕ್ಕೆ ಮೊದಲು. ಎರಡು ಜಡೆಯಲ್ಲಿ ಒಂದನ್ನು ಚಿಕ್ಕವಳೇ ಹೆಣೆದುಕೊಳ್ಳುವುದು. ಅದು ಸೊಟ್ಟಗಿರುತ್ತದೆ, ಇರಲಿ. ಏಳುವುದು ಆರಕ್ಕೆ.

ಒಂದು ಸಾಲು ಖಾಲಿ ಇತ್ತು. ‘8:20ರಿಂದ 8:30’, ಮುಂದೆ ಏನೂ ಇಲ್ಲ.

“ಇಲ್ಲಿ ಇಂಗ್ಲಿಷ್ ಪದ ಓದ್ಕೋಬಹುದಲ್ಲ” ಎಂದೆ.

“ಇಲ್ಲ ಅಪ್ಪ. ಅದು ಖಾಲಿನೇ ಇರ್ಬೇಕು.”

“ಹತ್ತು ನಿಮಿಷ ಸುಮ್ನೆ ಪೋಲು.”

“ಹದಿನಾಲ್ಕನೇ ನಂಬರ್ ಬಸ್ಸಿಗೆ ನೀವು ಎಷ್ಟು ನಿಮಿಷ ವಾಪಸ್ ಕೊಟ್ರಿ?”

ಹತ್ತು ನಿಮಿಷವೇ. ಊಟದ ಹೊತ್ತಿನಲ್ಲಿ ನಾನೇ ಹೇಳಿದ ಕಥೆ. ನನ್ನ ಕೋಲು ತೆಗೆದುಕೊಂಡು ನನಗೇ ಹೊಡೆದಳು. ಪೆನ್ನು ಜೇಬಿಗೆ ಹಾಕಿಕೊಂಡೆ.

ಆಗಸ್ಟ್ 6, ಭಾನುವಾರ

ಹೆಂಡತಿಯ ಫೋನು. ದೊಡ್ಡವಳು ತಾನಾಗಿಯೇ ಎಲ್ಲವನ್ನೂ ಹೇಳಿದಳು. ಆಮೇಲೆ ಫೋನು ನನ್ನ ಕೈಗೆ ಬಂತು.

“ರೀ, ಇಷ್ಟೆಲ್ಲ ಆಗಿದೆ, ನೀವೇನು ಮಾಡಿದ್ರಿ?”

“ಒಂದು ಪಟ್ಟಿ ಬರೆದೆ. ಆಮೇಲೆ ಕಿತ್ತು ಹಾಕ್ದೆ.”

ನಕ್ಕಳು. ಅತ್ತುಕೊಂಡೇ ನಕ್ಕಳು ಅನ್ನಿಸಿತು. “ನಾನು ಬರ್ಲಾ?” ಎಂದಳು. “ಬೇಡ, ಮುಗಿಸ್ಕೊಂಡೇ ಬಾ” ಎಂದು ನಾವು ಮೂವರೂ ಒಟ್ಟಿಗೆ ಹೇಳಿದೆವು.

ಆಗಸ್ಟ್ 9, ಬುಧವಾರ

ಇವತ್ತು ಚಿಕ್ಕವಳ ಬೂಟಿನ ಪಟ್ಟಿ ಕಿತ್ತುಹೋಗಿದೆ, ಅರ್ಧ ದಾರಿಯಲ್ಲಿ. ಅಳು. ಮನೆಗೆ ವಾಪಸ್ಸು, ಹಳೆಯ ಚಪ್ಪಲಿ ಹುಡುಕಿ, ಮತ್ತೆ ಹೊರಟು, ಗೇಟು ಮುಟ್ಟಿದ್ದು 8:12ಕ್ಕೆ. ದೊಡ್ಡವಳು ಓಡಿದ್ದಾಳೆ. 8:26. ಅದೊಂದು ಬೆಳಿಗ್ಗೆಗೆ ಓಟದ ಹೆಸರೇ ಹೋಗಬೇಕಿತ್ತು. ಖಾಲಿ ಸಾಲು ಉಳಿಸಿತು.

ಇದೆಲ್ಲ ನನಗೆ ಸಂಜೆ ಗೊತ್ತಾದದ್ದು, ಅದೂ ಯಾವುದೋ ಹಳೆಯ ತಮಾಷೆಯಂತೆ ಹೇಳಿದರು.

ಆಗಸ್ಟ್ 19, ಶನಿವಾರ

ದೊಡ್ಡವಳ ತಂಡದ ವ್ಯಾನು ಆರೂಮುಕ್ಕಾಲಿಗೇ ಹೊರಟಿತು. ನಾನು, ಚಿಕ್ಕವಳು ಒಂಬತ್ತಕ್ಕೆ ಹೊರಡುವುದೆಂದು ಆಗಿತ್ತು. ಎಂಟೂಮುಕ್ಕಾಲಿಗೆ ಮ್ಯಾನೇಜರ ಫೋನು. “ಒಂದ್ಹತ್ತು ನಿಮಿಷ ಬಂದು ಹೋಗಿ, ಹೊಸ ಪಟ್ಟಿಗೆ ಸಹಿ ಬೇಕು.”

“ಆಗಲ್ಲ ಸಾರ್. ನನ್ನ ಹತ್ತು ನಿಮಿಷ ಅಂದ್ರೆ ಐವತ್ತೆರಡು. ಅಳೆದು ನೋಡಿದ್ದೀವಿ” ಎಂದು ಫೋನಿಟ್ಟೆ. ಚಿಕ್ಕವಳು ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದಳು. ಹದಿನಾಲ್ಕನೇ ನಂಬರ್ ಹತ್ತಿದೆವು. ಮೌನಿ ನಮ್ಮನ್ನು ಕಂಡು, ಮೂವತ್ತು ವರ್ಷದಲ್ಲಿ ಮೊದಲ ಸಲವಿರಬೇಕು, ಹಾರ್ನ್ ಹೊಡೆದ.

ಮೈದಾನದ ಕಟ್ಟೆಯ ಮೇಲೆ ಜಾಗ ಸಿಕ್ಕಿತು. ಚಿಕ್ಕವಳು ಕೊರಳಿನಿಂದ ಸ್ಟಾಪ್‌ವಾಚ್ ತೆಗೆದು, “ಅಕ್ಕನ್ದು ನೀವೇ ಅಳೀಬೇಕು ಅಪ್ಪ, ನನಗೆ ಕೂಗೋದಿದೆ” ಎಂದು ನನ್ನ ಕೈಗಿಟ್ಟಳು. ದೊಡ್ಡವಳದು ಕೊನೆಯ ಸುತ್ತು. ರಿಲೇ ಕೋಲು ಅವಳ ಕೈಗೆ ಬಂದಾಗ ತಂಡ ನಾಲ್ಕನೆಯದಾಗಿತ್ತು. ಅವಳು ತಿರುವಿನಲ್ಲಿ ಒಬ್ಬಳನ್ನು ದಾಟಿದಳು, ನೇರ ದಾರಿಯಲ್ಲಿ ಇನ್ನೊಬ್ಬಳನ್ನು. ಬೆನ್ನಿಗೆ ಚೀಲವಿಲ್ಲ, ಹಿಡಿದೆಳೆಯುವ ಬೆರಳಿಲ್ಲ. ನಾನು ಯಾವಾಗ ಎದ್ದು ನಿಂತೆನೋ ಗೊತ್ತಿಲ್ಲ. ಕೂಗಿ ಕೂಗಿ ಗಂಟಲು ಕಟ್ಟಿದೆ, ಬರೆಯುವಾಗಲೂ ನೋಯುತ್ತಿದೆ. ಮೊದಲಿನವಳಿಗಿಂತ ಒಂದು ಹೆಜ್ಜೆ ಹಿಂದೆ ಮುಗಿಸಿದಳು. ಎರಡನೇ ಬಹುಮಾನ.

ಬೆವರು ಸುರಿಸುತ್ತಾ ಕಟ್ಟೆಯ ಹತ್ತಿರ ಬಂದಳು. ಪಿ.ಟಿ. ಟೀಚರ್ ಅವಳ ಬೆನ್ನು ತಟ್ಟಿ ನನಗೆ ಕೈ ಮುಗಿದರು.

“ಎಷ್ಟಾಯ್ತು ಅಪ್ಪ?” ಎಂದು ಚಿಕ್ಕವಳು ನೋಟ್‌ಬುಕ್ಕು ತೆರೆದಳು. “ಅಂದಾಜು ಅಕ್ಕ ಆಗಲೇ ಬರೆದಿದ್ದಾಳೆ. ನಿಜ ಹೇಳಿ.”

ಕೈಯಲ್ಲಿದ್ದ ವಾಚು ನೋಡಿದೆ. ಸೊನ್ನೆ, ಸೊನ್ನೆ, ಸೊನ್ನೆ. ಒತ್ತುವುದನ್ನೇ ಮರೆತಿದ್ದೆ.

ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿದವನು ಏನು ಹೇಳಲಿ ಎಂದು ದೊಡ್ಡವಳ ಮುಖ ನೋಡಿದೆ. ಅವಳು ವಾಚನ್ನೂ ನೋಡಿದಳು, ನನ್ನನ್ನೂ ನೋಡಿದಳು.

“ಪರ್ವಾಗಿಲ್ಲ ಬಿಡಿ ಅಪ್ಪ” ಎಂದಳು. “ನನ್ನನ್ನ ನೋಡಿದ್ರಲ್ಲ.”